ಮೂವತ್ತು ದಿನ ಸುಮ್ಮನಿದ್ದ ತಂತಿ

ಕಾರವಾರದ ಕಡಲಗೋಡೆ,
ಆಷಾಢ, ಇಸವಿ 2194

ಹಿಂದಿನ ಕಾಲದವರಿಗೆ ನಮಸ್ಕಾರ. ನಮ್ಮ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇಷ್ಟು ವರ್ಷಗಳಲ್ಲಿ ಮಾತೂ ಸವೆಯುತ್ತದೆ. ನಾನು ಮಾದೇವಿ ಹರಿಕಂತ್ರ. ಏರಿದ ಕಡಲನ್ನು ಊರಿನಿಂದ ಹೊರಗಿಡಲು ಕಟ್ಟಿದ ಈ ಗೋಡೆಯಲ್ಲಿ, ತಂತಿಗಳನ್ನು ಒಂದಕ್ಕೊಂದು ಸೇರಿಸುವ ಸ್ವಿಚ್ ಪೆಟ್ಟಿಗೆಗಳು ನಾನೂರ ಹನ್ನೆರಡಿವೆ. ಅವುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲು ಒಂದೊಂದು ಪೆಟ್ಟಿಗೆಯ ಮುಂದೆ ಕೂತು ಕೈಯಾರೆ ಆದೇಶ ಬರೆಯುತ್ತಿದ್ದೆವು. ಒಂದು ಸುತ್ತು ಮುಗಿಯಲು ನಾಲ್ಕು ತಿಂಗಳು ಹಿಡಿಯುತ್ತಿತ್ತು. ನಿಮ್ಮ ಕಾಲದ ಕಡತಗಳನ್ನು ಓದಿ ನಾನು ಎಲ್ಲಕ್ಕೂ ಒಂದೇ ಟೆಂಪ್ಲೇಟು, ಅಂದರೆ ಆದೇಶಗಳ ಮಾದರಿ ಪಟ್ಟಿ, ಬರೆದೆ; ಅದನ್ನು ಎಲ್ಲ ಪೆಟ್ಟಿಗೆಗಳಿಗೂ ತಾನಾಗಿಯೇ ಹಂಚಲು ಒಂದು ಸ್ಕ್ರಿಪ್ಟು. ಅದರಲ್ಲೊಂದು ಸಾಲು: ಮೂವತ್ತು ದಿನ ಏನೂ ಹರಿಯದ ಪೋರ್ಟನ್ನು, ಅಂದರೆ ಪೆಟ್ಟಿಗೆಗೆ ತಂತಿ ಸೇರುವ ಕಂಡಿಯನ್ನು, ಮುಚ್ಚು.

ನನ್ನ ತಂಗಿ ನಾಗವೇಣಿ ತಳಗೂಡಿನಲ್ಲಿದ್ದಳು. ಗೋಡೆಯ ಬುಡದಲ್ಲಿ ಒಸರುವ ನೀರನ್ನು ಪಂಪಿನಿಂದ ಮೇಲೆತ್ತುವ ಕೋಣೆಗೆ ನಾವು ಹಾಗನ್ನುತ್ತೇವೆ. "ಅಕ್ಕಾ, ನನ್ನ ಸೈರನ್ನಿನ ತಂತಿ ಬಹಳ ಹಳೇದು. ಒಮ್ಮೆ ಬಂದು ನೋಡಿ ಹೋಗೇ," ಅಂದಿದ್ದಳು.

"ನಾನೂರು ಪೆಟ್ಟಿಗೆ ಇದಾವೆ ಮಾರಾಯ್ತಿ. ಎಲ್ಲಾ ಸ್ಕ್ರಿಪ್ಟೇ ನೋಡ್ಕೊಳ್ತದೆ," ಅಂದೆ.

ಸ್ಕ್ರಿಪ್ಟು ಆರು ನಿಮಿಷದಲ್ಲಿ ಮುಗಿಯಿತು. ಒಂದೂ ತಪ್ಪಿಲ್ಲ. ಕಚೇರಿಗೆಲ್ಲ ನಾನೇ ಸಿಹಿ ಹಂಚಿದೆ, ಅವಳಿಗೂ ಕಳಿಸಿದೆ.

ಹನ್ನೊಂದನೇ ದಿನ, ಊಟದ ಹೊತ್ತಿಗೆ, ಗೋಡೆಯ ಕಡಲಬಾಗಿಲ ಸಂದಿ ಬಿರಿದು ನೀರು ನುಗ್ಗಿತು. ಗೋಡೆಯುದ್ದಕ್ಕೂ ಸೈರನ್ ಕೂಗಿತು, ಎಲ್ಲರೂ ಮೇಲೆ ಓಡಿದರು. ತಳಗೂಡಿನಲ್ಲಿ ಮಾತ್ರ ಕೂಗಲಿಲ್ಲ. ಹೊಸ ಸೈರನ್ನುಗಳ ತಂತಿಯಲ್ಲಿ ದಿನವೂ ಪರೀಕ್ಷೆಯ ಸಂಕೇತ ಹರಿಯುತ್ತದೆ; ಅವಳ ಹಳೇ ತಂತಿಯಲ್ಲಿ ಅಪಾಯ ಬರುವವರೆಗೆ ಏನೂ ಹರಿಯುವುದಿಲ್ಲ. ನನ್ನ ಸಾಲು ಅದನ್ನು ಕೆಲಸಕ್ಕೆ ಬಾರದ್ದೆಂದು ಮುಚ್ಚಿತ್ತು. ನಾಗವೇಣಿ ಜೀವಂತವಾಗಿ ಮೇಲೆ ಬರಲಿಲ್ಲ.

ವಿಚಾರಣೆಯವರು ಸ್ಕ್ರಿಪ್ಟಿನಲ್ಲಿ ದೋಷವಿಲ್ಲ ಎಂದು ಬರೆದರು. ಅಪ್ಪ ಆ ಕಾಗದವನ್ನು ಎರಡು ಸಲ ಓದಿ, "ಆ ಸಾಲು ಬರೆದದ್ದು ನೀನೇಯಾ?" ಎಂದು ಕೇಳಿದರು. ಹೌದೆಂದೆ. ಅವರು ಕಾಗದ ಮಡಿಸಿ ನನ್ನ ಕೈಗಿಟ್ಟರು. ಅವತ್ತಿನಿಂದ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರೂ ಮಾತಿಲ್ಲ.

ಸ್ಕ್ರಿಪ್ಟು ಬರೆಯಬೇಡಿ ಎನ್ನುತ್ತಿಲ್ಲ; ಅದಿಲ್ಲದೆ ಈ ಗೋಡೆ ನಿಲ್ಲುವುದಿಲ್ಲ. ಆದರೆ ನಿಮ್ಮ ಟೆಂಪ್ಲೇಟಿನಲ್ಲಿ ಪ್ರತಿ ಪೋರ್ಟಿನ ಎದುರು, ಆ ತುದಿಯಲ್ಲಿರುವ ಮನುಷ್ಯರ ಹೆಸರಿಗೊಂದು ಜಾಗ ಬಿಡಿ. ಹೆಸರಿದ್ದರೆ, ಮುಚ್ಚುವ ಮುನ್ನ ಸ್ಕ್ರಿಪ್ಟು ಅವರನ್ನು ಕೇಳಲಿ. ನಮ್ಮಲ್ಲಿ ಈಗ ಆ ಜಾಗವಿದೆ. ತಳಗೂಡಿಗೆ ಹೊಸಬರು ಬಂದಿದ್ದಾರೆ, ಅವರ ಹೆಸರು ತುಂಬಬೇಕು. ಮೂರು ದಿನದಿಂದ ಕೂತಿದ್ದೇನೆ, ಕೈ ಏಳುತ್ತಿಲ್ಲ.