ಕವಲುದಾರಿಯ ಎಲುಬು

ವಿಲಾಮೆಟ್ ಕಣಿವೆ, ಆರೆಗನ್
14 ಮೇ 1853, ಶನಿವಾರ ಮಧ್ಯಾಹ್ನ. ನಮ್ಮ ಯಜಮಾನರು, ಏಸಾ, ಗಿರಣಿಗೆ ಹೋಗಿದ್ದಾರೆ. ಲೆಮ್ಯುಯೆಲ್ ಅಂಗಳದಲ್ಲಿ ಸೂರಿನ ಹಲಗೆ ಸೀಳುತ್ತಿದ್ದಾನೆ. ಮನೆಯೊಳಗೆ ನಾನೊಬ್ಬಳೇ.

ಪ್ರೀತಿಯ ಕೆಜಾಯಾ ಅಕ್ಕನಿಗೆ,

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಬಿತ್ತನೆಯ ನೆಪ ಹೇಳಬಹುದಿತ್ತು. ಆದರೆ ಬಿತ್ತನೆ ಮುಗಿದೇ ಮೂರು ವಾರವಾಗಿದೆ. ಕ್ಷಮಿಸು.

ನಾವು ಕ್ಷೇಮ. ಏಸಾ ಅವರ ಕೆಮ್ಮು ಇಳಿದಿದೆ. ನೀನು ಕಟ್ಟಿಕೊಟ್ಟ ಸೇಬಿನ ಬೀಜಗಳಲ್ಲಿ ಒಂಬತ್ತು ಮೊಳೆತವು. ಎರಡನ್ನು ಜಿಂಕೆ ತಿಂದಿತು. ನಿನ್ನ ಅಳಿಯ ಲೆಮ್ಯುಯೆಲ್ ಮೈಮುರಿದು ದುಡಿಯುತ್ತಾನೆ. ಮೊನ್ನೆ ಏಸಾ, "ಹಿಂಗೇ ಸೀಳ್ತಾ ಇದ್ರೆ ಈ ಮನೆಗೆ ಮೂರು ಸೂರು ಹಾಕ್ಬೇಕಾಗುತ್ತೆ ಕಣಯ್ಯಾ" ಅಂದಾಗ ಸ್ವಲ್ಪ ನಕ್ಕ. ಇಲ್ಲಿಗೆ ಬಂದ ಮೇಲೆ ಅದೇ ಮೊದಲು.

ನಿನ್ನ ಮಗಳ, ನಮ್ಮ ಆರ್ಫಾಳ, ಕೊನೆಯ ದಿನಗಳ ಬಗ್ಗೆ ಕೇಳಿದ್ದೀಯ. ನವೆಂಬರಿನಲ್ಲಿ ನಾನು ಜ್ವರ ಎಂದಷ್ಟೇ ಬರೆದೆ. ಲೆಮ್ಯುಯೆಲ್ ಹೇಳಿದ್ದನ್ನು ಈಗ ಬರೆಯುತ್ತೇನೆ.

ಬಂಡಿಗಳು ಇಲ್ಲಿಗೆ ಬರುವ ಆ ದಾರಿಯಲ್ಲಿ ಅಂಚೆಯಿಲ್ಲ. ಮುಂದೆ ಹೋದವರು ಹಿಂದೆ ಬರುವವರಿಗಾಗಿ ಬಿಸಿಲಿಗೆ ಬಿಳಿಚಿದ ಕಾಡೆಮ್ಮೆಯ ಎಲುಬಿನ ಮೇಲೆ ಕೀಲೆಣ್ಣೆಯಲ್ಲಿ ಬರೆದಿಡುತ್ತಾರೆ. ಒಂದು ಕವಲಿನಲ್ಲಿ ಇವರಿಗೆ ಅಂಥ ಹೆಗಲೆಲುಬು ಸಿಕ್ಕಿತು. "ಎಡದಾರಿ ಹಿಡಿಯಿರಿ. ನೀರು ಒಳ್ಳೆಯದು." ಸಹಿಯಿರಲಿಲ್ಲ. ಲೆಮ್ಯುಯೆಲ್ ಬಲಕ್ಕೆ ಹೋಗೋಣ ಅಂದನಂತೆ. ಆರ್ಫಾ ಎಲುಬು ಓದಿ ನಕ್ಕಳಂತೆ. "ಎಡಕ್ಕೇ ಹೊಡೀರಿ, ಏನೂ ಯೋಚ್ನೆ ಬೇಡ" ಅಂದಳಂತೆ. ಅವರದೇ ಕೊನೆಯ ಬಂಡಿಯಾದ್ದರಿಂದ ಎಲುಬನ್ನೂ ಎತ್ತಿ ತನ್ನ ಗಂಟಿನಲ್ಲಿ ಇಟ್ಟುಕೊಂಡಳಂತೆ.

ಅದು ಚೌಳು ನೀರು, ಕುಡಿದ ದನ ಸಾಯುವಂಥದ್ದು. ನಾಲ್ಕು ಎತ್ತುಗಳಲ್ಲಿ ಮೂರು ಸಂಜೆಯೊಳಗೆ ಬಿದ್ದವು. ಬಂಡಿ ಬಿಟ್ಟು ಬಿಸಿಲಲ್ಲಿ ನಡೆದರು. ಐದನೆಯ ದಿನ ಅವಳಿಗೆ ಜ್ವರ ಬಂತು. ಏಳನೆಯ ದಿನ ಲೆಮ್ಯುಯೆಲ್ ಒಬ್ಬನೇ ನಡೆದ.

ಆ ಎಲುಬು ಈಗ ನಮ್ಮ ಕೊಟ್ಟಿಗೆಯ ಗೋಡೆಯಲ್ಲಿದೆ. ಅವನಿಗೆ ಓದಲು ಬರುವುದಿಲ್ಲವಲ್ಲ, ಬಂದವರ ಕೈಗೆಲ್ಲ ಇದ್ದಿಲು ಕೊಟ್ಟು ಹಲಗೆಯ ಮೇಲೆ ಅವೇ ಮಾತುಗಳನ್ನು ಬರೆಸಿ ನನ್ನ ಹತ್ತಿರ ತರುತ್ತಾನೆ. "ಚಿಕ್ಕಮ್ಮಾ, ಇದೇ ಕೈಬರಹಾನಾ ನೋಡಿ." ಪಾದ್ರಿಯನ್ನೂ ಬಿಡಲಿಲ್ಲ. "ನಾನು ಹಡಗಲ್ಲಿ ಬಂದೋನು ಕಣಪ್ಪಾ" ಅಂದರೂ ಬರೆಸಿದ. ಪ್ರತಿ ಸಲವೂ ನಾನು "ಅಲ್ಲ" ಅಂದೆ.

ಮಂಗಳವಾರ ದೋಣಿಯವನು ಹೊಳೆಯಾಚೆಯ ಪ್ರೂಯಿಟ್ ಬರೆದುಕೊಟ್ಟ ಹಲಗೆ ತಂದ. ಪ್ರೂಯಿಟ್ ಕಳೆದ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಬಂದವನು. ಹೆಂಡತಿಯಿಲ್ಲ, ಮೂರು ಮಕ್ಕಳಿವೆ. ಲೆಮ್ಯುಯೆಲ್ ನಾಳೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಅವನನ್ನು ಹಿಡಿಯುತ್ತಾನಂತೆ. "ಮೊದ್ಲು ಬಾಯಲ್ಲಿ ಕೇಳ್ತೀನಿ ಚಿಕ್ಕಮ್ಮಾ. ಆಮೇಲೆ ಕೈಯಲ್ಲಿ."

ದೇವರು ನಿನ್ನನ್ನೂ ಭಾವನನ್ನೂ ಕಾಯಲಿ. ನಿನಗೆ ನಿದ್ದೆ ಕೊಡಲಿ.

ನಿನ್ನ ತಂಗಿ,
ಟ್ಯಾಬಿತಾ

ಮರೆತದ್ದು: ಮರೆತದ್ದಲ್ಲ ಅಕ್ಕ. ಪ್ರೂಯಿಟ್‌ನ ಹಲಗೆ ನೋಡಿ ನಾನು "ಇರಬಹುದು" ಅಂದೆ. ಇದು ಇಲ್ಲಿಗೆ ಮುಗಿದರೆ ಸಾಕು ಅನ್ನಿಸಿತ್ತು.

ಆ ಎಲುಬಿನ ಮೇಲೆ ಬರೆದವಳು ನಾನು. ಅವರಿಗಿಂತ ಮುಂದೆ ಹೊರಟಿದ್ದ ನಮ್ಮ ಬಂಡಿ ಅದೇ ಕವಲಿಗೆ ಬಂದಿತ್ತು. ದೂರದಲ್ಲಿ ಹಸಿರು ಹುಲ್ಲು, ನೀರಿನ ಹೊಳಪು ಕಂಡು, ಕುಡಿದು ನೋಡುವ ಮೊದಲೇ ಕವಲಿನಲ್ಲಿ ಬರೆದಿಟ್ಟೆ. ಸಂಜೆ ನಮ್ಮ ಒಂದು ಎತ್ತು ಬಿದ್ದಾಗ ಏಸಾ, "ಎರಡು ಮೈಲಿ ಅಷ್ಟೆ, ಹೋಗಿ ಒರೆಸಿ ಬರೋಣ್ವಾ?" ಅಂದರು. ನನ್ನ ಕಾಲು ಬಾತಿತ್ತು. "ಬಿಡಿ, ಹಿಂದಿನವ್ರಿಗೇನು ನಾಲಿಗೆ ಇಲ್ವಾ? ರುಚಿ ನೋಡ್ತಾರೆ" ಅಂದೆ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಅದರ ಸುದ್ದಿ ಎತ್ತಿಲ್ಲ.

ಆರ್ಫಾಳಿಗೆ ಅಕ್ಷರ ತಿದ್ದಿಸಿದವಳು ನಾನೇ. ನನ್ನ ಕೈಬರಹ ನೋಡಿದರೆ ಅವಳಿಗೆ ಗೊತ್ತಾಗುತ್ತದೆ ಎಂದೇ ಸಹಿ ಹಾಕಿರಲಿಲ್ಲ. ಅವಳು ಯಾಕೆ ನಕ್ಕಳು ಎಂದು ಲೆಮ್ಯುಯೆಲ್ ಈಗಲೂ ಕೇಳುತ್ತಿರುತ್ತಾನೆ.

ಈ ಕಾಗದವನ್ನು ಮಡಿಸುವ ಮೊದಲು ಅವನನ್ನು ಒಳಗೆ ಕರೆದು, ಒಂದು ಸಾಲನ್ನೂ ಬಿಡದೆ ಓದಿ ಹೇಳುತ್ತೇನೆ. ಅಂಗಳದಲ್ಲಿ ಕೊಡಲಿಯ ಸದ್ದು ಇನ್ನೂ ಕೇಳುತ್ತಿದೆ.