ಮದುವೆಗೆ ಬಂದ ಫರ್ನ್

ಅಜ್ಜಾವರ

ಪ್ರೀತಿಯ ದೀಕ್ಷಕ್ಕ,

ಮದುವೆಗೆ ನೀವು ಕೊಟ್ಟ ಫರ್ನ್ ಗಿಡ ಸೂಪರ್ ಉಂಟು! ಅಶ್ವಿತ್ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡಲು ಓಡುತ್ತಾರೆ, ನನ್ನನ್ನಲ್ಲ.

ನಿನ್ನೆ ನೆಲ್ಯಾಡಿ ಅತ್ತೆಯ ಮನೆಗೆ ಮದುವೆಯ ಔತಣಕ್ಕೆ ಹೊರಡಬೇಕಿತ್ತು. ನಾನು ಹೊಸ ಸೀರೆ ಉಟ್ಟು ನಿಂತಿದ್ದರೆ ಇವರು ನಿಮಗೆ ಫೋನ್ ಮಾಡಿ, "ಬಿಸಿಲಿಗೆ ಎಲೆಯ ತುದಿ ಒಣಗಿದೆ, ಎಂತ ಮಾಡುದು ದೀಚು? ಬೇಗ ಹೇಳು ಮಾರಾಯ್ತಿ" ಅನ್ನುತ್ತಿದ್ದರು. ದೀಚು! ಇವರಿಗೆ ನಾನು ಇನ್ನೂ ಬರೀ ತೃಷಾ.

ನೀವಿಬ್ಬರು ಕಾಲೇಜಿನ ಫ್ರೆಂಡ್ಸ್ ಅಲ್ವಾ, ನನಗೆ ಬೇಜಾರಿಲ್ಲ, ನಿಜವಾಗಿ!

ಒಂದೇ ಹೆಲ್ಪ್. ನೆರಳಿನ ಗಿಡಗಳಿಗೆ ನೀರು, ಗೊಬ್ಬರ ಹೇಗೆ ಕೊಡುವುದೆಂದು ನನಗೆ ಬರೆದು ಕಳಿಸಿ. ವಾಟ್ಸಾಪ್ ಬೇಡ, ಇವರು ನೋಡುತ್ತಾರೆ. ಮುಂದಿನ ಸಲ ಎಲೆ ಒಣಗಿದರೆ ಇವರು ನನ್ನನ್ನೇ ಕೇಳಬೇಕು. ಅಲ್ಲಿಯವರೆಗೆ ಇವರ ಫೋನ್ ತೆಗೆಯಬೇಡಿ, ಪ್ಲೀಸ್.

ತುಂಬಾ ತುಂಬಾ ಪ್ರೀತಿಯಿಂದ,
ಮಿಸೆಸ್ ಅಶ್ವಿತ್