ಬಡಾಯಿ ಇಲ್ಲದ ಕಾಗದ

ಜನವರಿ ೮

ಒಗೆದ ಜರ್ಸಿಗಳಲ್ಲಿ ಹನ್ನೊಂದರ ಹೊಲಿಗೆ ಬಿಟ್ಟಿತ್ತು. ಹಾಕಿದೆ. ಹೆಲ್ಮೆಟ್‌ಗಳನ್ನು ಒರೆಸಿ ತೂಗುಹಾಕಿದೆ. ಗೋಡೆಯಲ್ಲಿ ಅರವತ್ತು ಮೊಳೆ, ಮೂವತ್ತೊಂದು ಹೆಲ್ಮೆಟ್.

ಕೋಚ್ ಹ್ಯಾಲಕ್ ಬಂದು ಬಟ್ಟೆ ಒಣಗಿಸುವ ಮಷಿನ್ ಮೇಲೆ ಕೂತರು. "ಲವೀನಾ, ಕಪಾಟಿನ ಮೇಲಿನ ಚೀಟಿಗಳು ನಿನ್ನ ಅಕ್ಷರಾನಾ?"

ಹೌದೆಂದು ತಲೆಯಾಡಿಸಿದೆ. "ನಮ್ಮ ಆಮಿಶ್ ಪಂಗಡದ ಶಾಲೇಲಿ ಎಂಟನೇ ಕ್ಲಾಸು, ಅಷ್ಟೇ."

"ನಂದು ಕಾಲೇಜು ಮುಗಿದಿದೆ. ಕೋಳಿ ಕೆದರಿದ ಹಾಗೆ ಬರೀತೀನಿ."

ಆಟ ಆಡುವ ಹೈಸ್ಕೂಲು ಹುಡುಗರಿಗೆ, ನಮ್ಮ ಟೀಮಿಗೆ ಬಾ ಅಂತ, ಕಾಲೇಜುಗಳಿಂದ ಅಚ್ಚು ಹಾಕಿದ ಕಾಗದ ರಾಶಿ ರಾಶಿ ಬರುತ್ತದಂತೆ. ನೇರ ಕಸದ ಬುಟ್ಟಿಗೆ. ಕೈಯಲ್ಲಿ ಬರೆದದ್ದನ್ನು ಮಾತ್ರ ಒಡೆದು ನೋಡುತ್ತಾರೆ. ಎಂಬತ್ತು ಕಾಗದ ಬೇಕು. ಸೆಪ್ಟೆಂಬರ್ ಒಂದಕ್ಕೆ ಆಡಳಿತ ಮಂಡಳಿಯವರು ತಲೆ ಎಣಿಸುತ್ತಾರೆ. ಹೊಸಬರು ಇಪ್ಪತ್ತೈದು ಜನ ಇಲ್ಲದಿದ್ದರೆ ನಮ್ಮ ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್ ಟೀಮೇ ಇಲ್ಲ.

ಬರೆಯುತ್ತೇನೆ ಅಂದೆ.

ಜನವರಿ ೧೧

ಕೋಚ್ ಕೊಟ್ಟ ಮಾದರಿ ಮುಂದಿದೆ. "ಗೆಲುವಿನ ಪರಂಪರೆ"ಯ ಹತ್ತಿರ ಕೈ ನಿಂತಿತು. ಪ್ರತಿ ಪಂದ್ಯದ ಮಣ್ಣನ್ನೂ ನಾನೇ ಒಗೆದಿದ್ದೇನೆ... ನಮ್ಮ ಪಂಗಡದವರು ಸರಳವಾಗಿ ಬಾಳಬೇಕು, ಬಡಾಯಿ ಪಾಪ ಅಂತ ಅಪ್ಪ ಊಟಕ್ಕೆ ಮುಂಚೆ ದಿನಾ ಹೇಳುತ್ತಿದ್ದರು. ಆ ಸಾಲು ಬಿಟ್ಟೆ. ಮುಂದಿನದನ್ನೂ. ಅರ್ಧ ಹಾಳೆ ಖಾಲಿ ಉಳಿಯಿತು. ಗೊತ್ತಿದ್ದದ್ದನ್ನು ಬರೆದು ತುಂಬಿಸಿದೆ —

"ಕಳೆದ ವರ್ಷ ಹತ್ತು ಪಂದ್ಯ ಆಡಿದೆವು. ಹತ್ತೂ ಸೋತೆವು. ಎರಡು ಷವರ್‌ಗಳಲ್ಲಿ ಬಿಸಿನೀರು ಬರುವುದಿಲ್ಲ. ಕೊನೆಯ ಹುಡುಗ ಸ್ನಾನ ಮುಗಿಸಿ ಹೋಗುವವರೆಗೂ ಕೋಚ್ ಬಾಗಿಲಲ್ಲಿ ಕಾಯುತ್ತಾರೆ."

ಜನವರಿ ೧೯

ಎಂಬತ್ತೂ ಮುಗಿಯಿತು. ಕೋಚ್ ಸ್ಯಾಂಡ್‌ವಿಚ್ ತಿನ್ನುತ್ತಾ ಸಹಿ ಹಾಕಿದರು. ಓದಲಿಲ್ಲ. ಓದಿ ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಫೆಬ್ರವರಿ ೨

ಕೋಚ್‌ಗೆ ಗೊತ್ತಾಯಿತು. ಮೂರು ಹೈಸ್ಕೂಲುಗಳಿಂದ ಫೋನ್, ನಗಾಡಿದರಂತೆ. ಕೋಚ್ ಕಾಗದ ಹಿಡಿದು ಬಂದರು, ಮುಖ ಕೆಂಪು.

"ಅಮ್ಮಾ ತಾಯಿ, ಏನಿದು? ಷವರ್ ವಿಷಯ ಬರಿ ಅಂತ ಯಾರು ಹೇಳಿದ್ರು?"

"ಬಡಾಯಿ ಬರೆಯೋಕೆ ಕೈ ಬರ್ಲಿಲ್ಲ."

"ಅದು ಬಡಾಯಿ ಅಲ್ಲ ಕಣೇ! ಫುಟ್‌ಬಾಲ್!"

ನೆಲ ನೋಡುತ್ತಾ ನಿಂತೆ. ಅವರು ಮತ್ತೆ ಓದಿದರು. ತುಂಬಾ ಹೊತ್ತು.

"ಬಾಗಿಲಲ್ಲಿ ಕಾಯೋದು... ನೀನು ನೋಡಿದೀಯಾ?"

"ದಿನಾ."

ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಕೆಲಸ ಬಿಡು ಅನ್ನಲಿಲ್ಲ.

ಫೆಬ್ರವರಿ ೨೪

ಕ್ಲೀವ್‌ಲ್ಯಾಂಡ್‌ನಿಂದ ಒಬ್ಬ ಹುಡುಗ ಕಾಲೇಜು ನೋಡಲು ಬಂದ. ಕಾರ್ಡೆಲ್. ಬಾಗಿಲು ತುಂಬುವಷ್ಟು ದೊಡ್ಡ ಆಳು, ಪಿಸುಮಾತಿನ ದನಿ. ಅವನ ತಾಯಿ ಮಿಸ್ ಒಡೆಸ್ಸಾ ಮೈದಾನ ನೋಡಲಿಲ್ಲ, ಕಾಗದ ಹಿಡಿದು ನೇರ ಷವರ್‌ಗೆ ಹೋದರು. ನಲ್ಲಿ ತಿರುಗಿಸಿ ಕೈ ಒಡ್ಡಿದರು. ತಣ್ಣೀರು. ಜೋರಾಗಿ ನಕ್ಕರು.

"ಯಾರು ಬರೆದಿದ್ದು ಇದನ್ನ?"

ಕೋಚ್ ನನ್ನ ಕಡೆ ತೋರಿಸಿದರು. ಟವೆಲ್ ರಾಶಿಯ ಹಿಂದೆ ಸರಿದೆ.

"ಬಾ ಪುಟ್ಟೀ ಈಚೆ. ಹದಿನಾಲ್ಕು ಕಾಲೇಜಿನವರು ಕಾಗದ ಹಾಕಿದಾರೆ. ಎಲ್ಲಾ ಕಾಗದದಲ್ಲೂ ನನ್ನ ಮಗ ರಾಜ. ಇಲ್ಲೊಂದು ಕಡೆ ಮಾತ್ರ ತಣ್ಣೀರು." ನನ್ನ ಕೈ ಹಿಡಿದುಕೊಂಡರು. "ಇವನು ಏನೂ ಹೇಳಲ್ಲ, ನುಂಗ್ಕೋತಾನೆ. ವಾರಕ್ಕೊಂದು ಸಲ ನೀನು ನಂಗೆ ಬರೀಬೇಕು. ಚೆನ್ನಾಗಿದಾನೆ ಅಂತಲ್ಲ, ಹೇಗಿದಾನೋ ಹಾಗೆ. ಸೊರಗಿದ್ರೆ ಕಾರ್ ತಂದು ಕರ್ಕೊಂಡು ಹೋಗ್ಬಿಡ್ತೀನಿ."

ಒಪ್ಪಿಕೊಂಡೆ.

ಮೇ ೧

ಹೊಸಬರು ಇಪ್ಪತ್ತೊಂದು. ಕಾರ್ಡೆಲ್ ಸೇರಿ. ಕೋಚ್ ಸ್ಪ್ಯಾನರ್ ಹಿಡಿದು ಒಂದು ಷವರ್ ಸರಿಮಾಡಿದರು. ಇನ್ನೊಂದು ಮೊದಲಿಗಿಂತ ಕೆಟ್ಟಿತು.

ಆಗಸ್ಟ್ ೧೨

ಶಿಬಿರ ಶುರು. ಊರೂರು ಸುತ್ತಿ ಕೋಚ್ ಇನ್ನೈದು ಜನರನ್ನು ಹಿಡಿದು ತಂದಿದ್ದಾರೆ. ಇಪ್ಪತ್ತಾರು! ಮೊಳೆಗಳು ತುಂಬುತ್ತಿವೆ.

ಆಗಸ್ಟ್ ೧೩

ಒಬ್ಬ ಬೆಳಿಗ್ಗೆಯೇ ಮನೆಗೆ ಹೋದ. ಇಪ್ಪತ್ತೈದು.

ಆಗಸ್ಟ್ ೨೦

ಮಿಸ್ ಒಡೆಸ್ಸಾಗೆ ಮೊದಲ ಕಾಗದ. ಸುಲಭವಾಗಿತ್ತು. ಆರು ಮೊಟ್ಟೆ ತಿಂದ, ಹೆಬ್ಬೆರಳು ಊದಿತ್ತು, ಇಳಿದಿದೆ.

ಆಗಸ್ಟ್ ೨೭, ಮಂಗಳವಾರ, ಸಂಜೆ

ಮಷಿನ್‌ಗಳ ಹಿಂದೆ ಕಾರ್ಡೆಲ್ ಕೂತಿದ್ದ. ಅಳುತ್ತಿದ್ದ. ಮಷಿನ್ ಸದ್ದಿನಲ್ಲಿ ಯಾರಿಗೂ ಕೇಳಿಸದು ಅಂತ ಇಲ್ಲಿಗೆ ಬಂದಿದ್ದಾನೆ. ಬಟ್ಟೆ ಒಣಗಿತ್ತು. ಆದರೂ ಮತ್ತೊಮ್ಮೆ ಮಷಿನ್ ಹಾಕಿದೆ.

"ಅಮ್ಮಂಗೆ ಬರೀಬೇಡಕ್ಕಾ."

"ಮಾತು ಕೊಟ್ಟಿದೀನಿ."

"ಬಂದು ಕರ್ಕೊಂಡು ಹೋಗ್ತಾಳೆ."

"ನಿಂಗೆ ಹೋಗ್ಬೇಕಾ?"

ಮುಖವನ್ನು ಮೊಣಕಾಲಿಗೆ ಒತ್ತಿಕೊಂಡ. ಪಕ್ಕದಲ್ಲಿ ಕೂತು ಟವೆಲ್ ಮಡಿಚಿದೆ. ಸ್ವಲ್ಪ ಹೊತ್ತಾದ ಮೇಲೆ ಅವನೂ ಒಂದು ತೆಗೆದುಕೊಂಡ.

ಆಗಸ್ಟ್ ೨೮

ಕಾಗದ ಬರೆದಿಲ್ಲ. ಇಪ್ಪತ್ತೈದರಲ್ಲಿ ಒಂದು ಹೋದರೆ... ಕೋಚ್ ಹೋಗುತ್ತಾರೆ, ಎಲ್ಲ ಹುಡುಗರೂ. ಈ ಮೊಳೆಗಳು. ಜೀವನದಲ್ಲಿ ಮೊದಲ ಸಲ ಸುಳ್ಳು ಬರೆಯಬೇಕು ಅನ್ನಿಸಿತು. "ಚೆನ್ನಾಗಿದ್ದಾನೆ" — ಒಂದೇ ಮಾತು.

ಕೋಚ್‌ಗೆ ಹೇಳಿದೆ. ಗೋಡೆಯ ಹೆಲ್ಮೆಟ್‌ಗಳನ್ನು ನೋಡುತ್ತಾ ನಿಂತರು.

"ಇದ್ದದ್ದೇ ಬರಿ," ಅಂದರು. "ಆ ತಾಯಿ ನಂಬಿದ್ದು ಅದನ್ನೇ ಅಲ್ವಾ."

ಬರೆದೆ: "ನಿಮ್ಮ ಮಗ ಮಂಗಳವಾರ ಅತ್ತ. ಒಬ್ಬನೇ ಇರಲಿಲ್ಲ. ನಾನಿದ್ದೆ. ಹೋಗಬೇಕಾ ಅಂತ ಕೇಳಿದೆ, ಉತ್ತರ ಹೇಳಲಿಲ್ಲ. ಆಮೇಲೆ ನಲವತ್ತು ಟವೆಲ್ ಮಡಿಚಿದ. ಕೋಚ್ ಬಾಗಿಲಲ್ಲಿ ಕಾದಿದ್ದರು."

ಕಾರ್ಡೆಲ್‌ಗೆ ಓದಿ ಹೇಳಿದೆ.

"ನಲವತ್ತಲ್ಲ. ಐವತ್ತು."

ತಿದ್ದಿದೆ. ಅಂಚೆಗೆ ಹಾಕಿದೆ.

ಆಗಸ್ಟ್ ೩೧, ಬೆಳಿಗ್ಗೆ ಹತ್ತು

ನಾಳೆ ಎಣಿಕೆ. ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಗೇಟಿನಲ್ಲಿ ಒಂದು ನೀಲಿ ಕಾರು. ಮಿಸ್ ಒಡೆಸ್ಸಾ. ಕಾರ್ಡೆಲ್ ಮೈದಾನದಿಂದ ಓಡಿಬಂದ, ಹೆಲ್ಮೆಟ್ ತೆಗೆಯದೆ. ಏನೋ ಮಾತಾಡುತ್ತಿದ್ದಾರೆ. ಅವನು ತಲೆ ಅಲ್ಲಾಡಿಸಿದ — ಹೌದೆಂದೋ ಅಲ್ಲವೆಂದೋ ಇಲ್ಲಿಂದ ತಿಳಿಯುವುದಿಲ್ಲ. ಮಿಸ್ ಒಡೆಸ್ಸಾ ಕಾರಿನ ಡಿಕ್ಕಿ ತೆಗೆದರು. ಅವನ ಬಟ್ಟೆ ತುಂಬಲು ಖಾಲಿ ಪೆಟ್ಟಿಗೆ ಇರಬೇಕು... ಅಲ್ಲ. ಪಾತ್ರೆ. ದೊಡ್ಡ ದೊಡ್ಡ ಪಾತ್ರೆಗಳು, ಐದೋ ಆರೋ. ಮ್ಯಾಕರೋನಿ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಇಡೀ ಟೀಮಿಗೆ ಆಗುವಷ್ಟು. ನನ್ನನ್ನು ನೋಡಿಬಿಟ್ಟರು.

"ಏ ಪುಟ್ಟೀ! ಅದೇನು ಬರೀತಾ ಕೂತಿದೀಯಾ? ಬಂದು ಒಂದು ಕೈ ಹಾಕು, ಆರಿ ಹೋ—"

ಪೆನ್ನು ಇಟ್ಟು